ಶಾಸನಗಳ ಕಾಲನಿರ್ದೇಶವೂ ಅದರ ಸಂವಾದಪರೀಕ್ಷೆಯೂ

೧

ಕರ್ಣಾಟಕದ ಪ್ರಾಚೀನ ಚರಿತ್ರೆಗೆ ಶಿಲಾಶಾಸನಗಳೂ ತಾಮ್ರಶಾಸನಗಳೂ ಮುಖ್ಯವಾದ ಆಧಾರಗಳೆಂಬುದು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳತಕ್ಕ ಸಂಗತಿಯಲ್ಲ. ಆದರೆ ಶಾಸನದಲ್ಲಿ ಒಂದು ಕಾಲವು ಉಕ್ತವಾಗಿದೆಯೆಂಬ ಮಾತ್ರದಿಂದಲೇ ಆ ಕಾಲವು ಸಿದ್ಧವಾದಂತಾಗುವುದಿಲ್ಲ. ಕಲ್ಲುಕುಟಿಗನು ಅಂಕವನ್ನು ತಪ್ಪಬಹುದು. ಲಿಪಿಕಾರನು ಪಂಚಾಂಗವನ್ನು ತಪ್ಪಾಗಿ ಓದಿರಬಹುದು. ಪ್ರತಿ ಮಾಡಿಕೊಂಡವನು ಸವೆದ ಅಕ್ಷರವನ್ನು ಬೇರೊಂದಾಗಿ ತಿಳಿದಿರಬಹುದು. ಅಥವಾ ಭೂಮಿಯ ಆಸೆಯಿಂದ ಯಾರೋ ಕೂಟಶಾಸನವನ್ನೇ ಸೃಷ್ಟಿಸಿರಬಹುದು. ಆದುದರಿಂದ ಕಾಲನಿರ್ದೇಶವನ್ನು ಅಂಗೀಕರಿಸುವುದಕ್ಕೆ ಮೊದಲು ಅದನ್ನು ಪರೀಕ್ಷಿಸತಕ್ಕದ್ದು ವಿದ್ವಾಂಸರ ಧರ್ಮವಾಗಿದೆ.

ಈ ಪರೀಕ್ಷೆಯ ವಿಚಾರವನ್ನು ಈಗ ಮತ್ತೆ ಎತ್ತುವುದಕ್ಕೆ ಕಾರಣವುಂಟು. ಶಾಸನಗಳ ಪಾಠಗಳನ್ನೂ ಕಾಲಗಳನ್ನೂ ಗಣಕಯಂತ್ರಗಳಲ್ಲಿ ಕೋಷ್ಠಕರೂಪವಾಗಿ ತುಂಬುವ ಕೆಲಸವು ಇಂದು ಅನೇಕ ಕಡೆಗಳಲ್ಲಿ ನಡೆಯುತ್ತಿದೆ. ಗಣಕಶಾಸ್ತ್ರಜ್ಞರು ಇಂತಹ ಕೋಷ್ಠಕಕ್ಕೆ ಮೊದಲು ಒಂದು ಲಕ್ಷಣವನ್ನು ಬರೆದಿಡುತ್ತಾರೆ. ಅದಕ್ಕೆ ಅವರು ಸ್ಕೀಮಾ ಎಂದು ಹೆಸರಿಟ್ಟಿದ್ದಾರೆ. ಯಾವ ಮನೆಯಲ್ಲಿ ಅಂಕವೇ ಬರಬೇಕು, ಯಾವ ಮನೆಯಲ್ಲಿ ಗೊತ್ತಾದ ಹೆಸರುಗಳಲ್ಲೊಂದು ಮಾತ್ರ ಬರಬೇಕು, ಯಾವುದು ಅವಶ್ಯಕ, ಯಾವುದು ಇಲ್ಲದಿದ್ದರೂ ನಡೆಯುತ್ತದೆ, ಒಂದು ಮನೆಯ ಬೆಲೆಗೂ ಇನ್ನೊಂದು ಮನೆಯ ಬೆಲೆಗೂ ಇರಬೇಕಾದ ಸಂಬಂಧವೇನು—ಇವೆಲ್ಲವೂ ಆ ಲಕ್ಷಣದಲ್ಲಿ ಅಡಕವಾಗಿರುತ್ತವೆ. ತುಂಬಿದ ಪ್ರತಿಯೊಂದು ಬೆಲೆಯನ್ನೂ ಪ್ರೋಗ್ರಾಮು ಆ ಲಕ್ಷಣಕ್ಕೆ ಹೋಲಿಸಿ ನೋಡಿ, ಹೊಂದಿದುದನ್ನು ಒಳಕ್ಕೆ ಬಿಟ್ಟು ಹೊಂದದುದನ್ನು ಹೊರಕ್ಕೆ ತಳ್ಳುತ್ತದೆ. ಯಂತ್ರವು ಹೊಸದು, ವಿಚಾರವು ಹೊಸದಲ್ಲ. ಶಾಸನಗಳ ಕಾಲವನ್ನು ಗಣಿತದಿಂದ ಶೋಧಿಸಿದವರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈ ಕೆಲಸವನ್ನು ಕೈಯಿಂದ ಮಾಡಿದ್ದಾರೆ. ಅವರ ಅನುಭವದಿಂದ ತಿಳಿದುಬಂದ ಗುಣದೋಷಗಳನ್ನು ನಿರೂಪಿಸಿ, ಲಕ್ಷಣವನ್ನು ಹೇಗೆ ಕಟ್ಟಬೇಕೆಂಬುದನ್ನು ನಿರ್ಣಯಿಸುವುದೇ ಈ ಲೇಖನದ ಉದ್ದೇಶವು.

೨

ಮಧ್ಯಯುಗದ ಕನ್ನಡ ಶಾಸನವೊಂದರ ಕಾಲನಿರ್ದೇಶದಲ್ಲಿ ಸಾಮಾನ್ಯವಾಗಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂಬ ಆರು ಅಂಗಗಳಿರುತ್ತವೆ. ಕೆಲವೆಡೆಗಳಲ್ಲಿ ನಕ್ಷತ್ರ, ಯೋಗ, ಸಂಕ್ರಾಂತಿ, ಗ್ರಹಣ, ಅರಸನ ಆಳ್ವಿಕೆಯ ವರ್ಷ ಇವೂ ಸೇರುವುವು. ಇವುಗಳ ಪರೀಕ್ಷೆಯು ಎರಡು ವಿಧವಾಗಿದೆ.

ಮೊದಲನೆಯದು ಪ್ರತ್ಯೇಕಪರೀಕ್ಷೆ. ಸಂವತ್ಸರವು ಪ್ರಭವಾದಿ ಅರುವತ್ತರಲ್ಲಿ ಒಂದಾಗಿರಬೇಕು. ವಾರವು ಏಳರಲ್ಲಿ ಒಂದಾಗಿರಬೇಕು. ತಿಥಿಯು ಪಾಡ್ಯದಿಂದ ಹುಣ್ಣಿಮೆ ಅಥವಾ ಅಮಾವಾಸ್ಯೆಯ ವರೆಗಿನ ಎಲ್ಲೆಯನ್ನು ಮೀರಕೂಡದು. ಇದು ಸುಲಭವೆಂದು ತೋರಿದರೂ ಇಲ್ಲಿಯೂ ತೊಡಕುಗಳುಂಟು. ಒಂದೇ ಸಂವತ್ಸರವು ಸ್ವಭಾನುವೆಂದೂ ಸುಭಾನುವೆಂದೂ, ಹೇವಿಳಂಬಿಯೆಂದೂ ಹೇಮಲಂಬಿಯೆಂದೂ ಬರೆಯಲ್ಪಡುತ್ತದೆ. ಇದಕ್ಕೆ ಪ್ರತಿಯಾಗಿ, ಕೇಳುವುದಕ್ಕೆ ಒಂದೇ ಎಂಬಂತಿರುವ ಹೆಸರುಗಳು ಬೇರೆ ಬೇರೆ ವರ್ಷಗಳಾಗಿವೆ. ಪ್ರಮಾಥಿಯು ಹದಿಮೂರನೆಯದು, ಪ್ರಮಾದಿಯು ನಲವತ್ತೇಳನೆಯದು. ಒಂದು ಅಕ್ಷರದ ವ್ಯತ್ಯಾಸದಿಂದ ಚರಿತ್ರೆಯು ೩೪ ವರ್ಷ ಸರಿಯುತ್ತದೆ. ವಿರೋಧಿಗೂ ವಿರೋಧಿಕೃತ್ತಿಗೂ ೨೨ ವರ್ಷಗಳ ಅಂತರ, ಕ್ರೋಧಿಗೂ ಕ್ರೋಧನಕ್ಕೂ ೨೧ ವರ್ಷಗಳ ಅಂತರ. ವಾರಗಳ ವಿಷಯದಲ್ಲಿಯೂ ಹೀಗೆಯೇ. ‘ಶು’ ಎಂಬ ಒಂದೇ ಅಕ್ಷರವು ತಿಥಿಯ ಮುಂದೆ ಬಂದರೆ ಶುದ್ಧಪಕ್ಷವನ್ನೂ ತಿಥಿಯ ಅನಂತರ ಬಂದರೆ ಶುಕ್ರವಾರವನ್ನೂ ಹೇಳುತ್ತದೆ. ಹಳಗನ್ನಡ ಶಾಸನಗಳಲ್ಲಿ ಕಾಣುವ ವಡ್ಡವಾರವು ಶನಿವಾರವೆಂಬುದು ಫ್ಲೀಟ್ ಮೊದಲಾದವರು ಅನೇಕ ಶಾಸನಗಳ ತಿಥಿಗಳನ್ನು ಗಣಿತಮಾಡಿ ಹೋಲಿಸಿದ ಮೇಲೆಯೇ ನಿಶ್ಚಿತವಾಯಿತು. ಅಂದರೆ, ಒಪ್ಪತಕ್ಕ ಹೆಸರುಗಳ ಪಟ್ಟಿಯೂ ಶಾಸನಗಳಿಂದಲೇ ಬೆಳೆಯತಕ್ಕದ್ದು. ಅದನ್ನು ಮೊದಲೇ ಮುಚ್ಚಿಬಿಟ್ಟಿದ್ದರೆ ವಡ್ಡವಾರವೆಂಬ ಹೆಸರುಳ್ಳ ಶಾಸನಗಳೆಲ್ಲ ಹೊರಗುಳಿಯುತ್ತಿದ್ದುವು.

ಎರಡನೆಯದು ಸಂವಾದಪರೀಕ್ಷೆ, ಎಂದರೆ ಒಂದು ಅಂಗವು ಇನ್ನೊಂದರೊಡನೆ ಒಡಂಬಡುವುದೇ ಎಂಬ ವಿಚಾರ. ಇದಕ್ಕೆ ಅತ್ಯಂತ ಸರಳವಾದ ಉದಾಹರಣೆಯು ಐಹೊಳೆಯ ಮೇಗುತಿಯ ಶಾಸನವಾಗಿದೆ. ಇಮ್ಮಡಿ ಪುಲಕೇಶಿಯ ಕಾಲದ ಈ ಶಾಸನದಲ್ಲಿ ರವಿಕೀರ್ತಿಯು ಭಾರತಯುದ್ಧದಿಂದ ೩೭೩೫ ವರ್ಷಗಳೂ ಶಕಕಾಲದಲ್ಲಿ ೫೫೬ ವರ್ಷಗಳೂ ಕಳೆದುವೆಂದು ಎರಡು ಗಣನೆಗಳನ್ನು ಕೊಟ್ಟಿದ್ದಾನೆ. ಕಲಿವರ್ಷಕ್ಕೂ ಶಕವರ್ಷಕ್ಕೂ ಇರುವ ಅಂತರವು ೩೧೭೯. ೩೭೩೫ರಿಂದ ಇದನ್ನು ಕಳೆದರೆ ೫೫೬ ಉಳಿಯುತ್ತದೆ. ಎರಡು ಸಾಕ್ಷಿಗಳ ಮಾತು ಒಂದೇ ಆದುದರಿಂದ ಕ್ರಿ.ಶ. ೬೩೪-೩೫ ಎಂಬ ಕಾಲದಲ್ಲಿ ಸಂಶಯಕ್ಕೆ ಎಡೆಯಿಲ್ಲ.

೩

ಪೂರ್ಣಾಂಗವಾದ ಕಾಲನಿರ್ದೇಶವನ್ನು ಪರೀಕ್ಷಿಸುವ ಕ್ರಮಕ್ಕೆ ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ ಪ್ರಸಿದ್ಧ ಶಾಸನವನ್ನು ತೆಗೆದುಕೊಳ್ಳೋಣ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ಅರಸನು ಪರಿಹರಿಸಿದ ಸಂಗತಿಯನ್ನು ಹೇಳುವ ಈ ಶಾಸನದ ಕಾಲವು ಶಕವರ್ಷ ೧೨೯೦, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಬೃಹಸ್ಪತಿವಾರ.

ಶಕವರ್ಷಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಿದರೆ ಉಳಿದ ಶೇಷವೇ ದಕ್ಷಿಣದೇಶದ ಗಣನೆಯಂತೆ ಸಂವತ್ಸರದ ಸಂಖ್ಯೆಯಾಗುತ್ತದೆ. ೧೨೯೦ಕ್ಕೆ ೧೨ ಸೇರಿದರೆ ೧೩೦೨; ಇದರಲ್ಲಿ ಇಪ್ಪತ್ತೊಂದು ಆವೃತ್ತಿಗಳ ೧೨೬೦ ಹೋಗಿ ೪೨ ಉಳಿಯುತ್ತದೆ; ನಲವತ್ತೆರಡನೆಯ ಸಂವತ್ಸರವು ಕೀಲಕವೇ. ಆ ವರ್ಷದ ಭಾದ್ರಪದ ಶುದ್ಧ ದಶಮಿಯು ಕ್ರಿ.ಶ. ೧೩೬೮ನೆಯ ಆಗಸ್ಟ್ ೨೪ನೆಯ ದಿನ ಬರುತ್ತದೆ. ಆ ದಿನವು ಬೃಹಸ್ಪತಿವಾರವೇ ಆಗಿದೆ. ಹೀಗೆ ಎಲ್ಲ ಅಂಗಗಳೂ ಒಡಂಬಟ್ಟುವು. ಇದನ್ನು ಕೀಲ್‌ಹಾರ್ನ್ ಮೊದಲಾದವರು ಸಕ್ರಮವಾದ ಕಾಲವೆಂದು ಕರೆಯುತ್ತಾರೆ.

ಇವುಗಳಲ್ಲಿ ವಾರಕ್ಕೆ ಇರುವ ಬಲವು ವಿಶೇಷವಾದುದು. ಮಾಸವು ಅಧಿಕವಾಗಬಹುದು, ತಿಥಿಯು ಕ್ಷಯವಾಗಬಹುದು. ವಾರವಾದರೋ ಯಾವ ಸಂಸ್ಕಾರಕ್ಕೂ ಒಳಗಾಗದೆ ಒಂದರ ಹಿಂದೊಂದು ನಡೆದುಬಂದಿದೆ. ಶಕವರ್ಷದ ಅಂಕವು ಒಂದರಿಂದ ತಪ್ಪಿದ್ದರೆ ಆ ತಪ್ಪನ್ನು ವಾರವು ಹಿಡಿದುಕೊಡುತ್ತದೆ. ಏಕೆಂದರೆ ಹನ್ನೆರಡು ಚಾಂದ್ರಮಾಸಗಳ ವರ್ಷಕ್ಕೆ ಸುಮಾರು ೩೫೪ ದಿನಗಳು. ಏಳರಿಂದ ಭಾಗಿಸಿದರೆ ೪ ಉಳಿಯುತ್ತದೆ. ಅಧಿಕಮಾಸವುಳ್ಳ ವರ್ಷಕ್ಕೆ ಸುಮಾರು ೩೮೪ ದಿನಗಳು. ಏಳರಿಂದ ಭಾಗಿಸಿದರೆ ೬ ಉಳಿಯುತ್ತದೆ. ಒಂದು ದಿನದ ಹೆಚ್ಚುಕಡಿಮೆಯನ್ನು ಲೆಕ್ಕಕ್ಕೆ ಹಿಡಿದರೂ ೩೮೫ ದಿನಗಳ ಅಪೂರ್ವವಾದ ಸಂದರ್ಭವೊಂದನ್ನು ಬಿಟ್ಟರೆ ಶೇಷವು ಸೊನ್ನೆಯಾಗುವುದಿಲ್ಲ. ಆದುದರಿಂದ ಪಕ್ಕದ ವರ್ಷದ ಅದೇ ತಿಥಿಗೆ ಸಾಮಾನ್ಯವಾಗಿ ಅದೇ ವಾರವು ಬಾರದು. ಪ್ರಾಚೀನರು ಕಾಲವನ್ನು ಹೇಳುವಾಗ ವಾರವನ್ನೂ ಸೇರಿಸಿದ್ದು ಕೇವಲ ಪುಣ್ಯಕಾಲದ ಸೂಚನೆಗಾಗಿಯೇ ಇರಬಹುದು; ಆದರೆ ನಮಗೆ ಅದು ಕಾವಲುಗಾರನಂತೆ ಒದಗಿದೆ.

೪

ಎಲ್ಲ ಶಾಸನಗಳೂ ಹೀಗೆ ಒಡಂಬಡುವುದಿಲ್ಲ. ಹಂಪೆಯ ವಿರೂಪಾಕ್ಷದೇವಾಲಯದಲ್ಲಿರುವ ಕೃಷ್ಣದೇವರಾಯನ ಶಾಸನವು ಅವನ ಪಟ್ಟಾಭಿಷೇಕೋತ್ಸವದ ಪುಣ್ಯಕಾಲವನ್ನು ಸ್ಮರಿಸುತ್ತದೆ. ಅದರಲ್ಲಿ ಶಕವರ್ಷ ೧೪೩೦ ಸಂದ ಮೇಲೆ ನಡೆಯುವ ಶುಕ್ಲ ಸಂವತ್ಸರದ ಮಾಘ ಶುದ್ಧ ಚತುರ್ದಶಿ ಎಂದಿದೆ. ಮೇಲೆ ಹೇಳಿದ ನಿಯಮದಂತೆ ೧೪೩೦ಕ್ಕೆ ೧೨ ಸೇರಿದರೆ ೧೪೪೨, ಶೇಷವು ೨, ಅದು ವಿಭವವೇ ಹೊರತು ಶುಕ್ಲವಲ್ಲ. ಶುಕ್ಲವು ಮೂರನೆಯದು, ಅದಕ್ಕೆ ೧೪೩೧ ಗತವರ್ಷವಾಗಬೇಕು. ಅಂಕವನ್ನು ನಂಬಿದರೆ ಕಾಲವು ಕ್ರಿ.ಶ. ೧೫೦೯ರ ಆದಿಭಾಗ, ಹೆಸರನ್ನು ನಂಬಿದರೆ ೧೫೧೦ರ ಜನವರಿ. ಒಬ್ಬ ಮಹಾರಾಜನ ಪಟ್ಟಾಭಿಷೇಕದ ವಿಷಯದಲ್ಲಿ ಒಂದು ವರ್ಷದ ವ್ಯತ್ಯಾಸವು ಅಲ್ಪವಾದುದಲ್ಲ.

ಇಲ್ಲಿ ಯಾವುದನ್ನು ನಂಬಬೇಕು? ವೀರನರಸಿಂಹನ ಹೆಸರಿನ ಶಾಸನಗಳು ೧೫೦೯ನೆಯ ವರ್ಷದಲ್ಲಿಯೂ ದೊರೆಯುತ್ತವೆ. ಆದುದರಿಂದ ಆ ವರ್ಷದ ಆದಿಭಾಗದಲ್ಲಿ ಕೃಷ್ಣರಾಯನ ಪಟ್ಟಾಭಿಷೇಕೋತ್ಸವವನ್ನು ಇಡುವುದು ಕಷ್ಟ. ಇದಲ್ಲದೆ ಬೇರೊಂದು ಯುಕ್ತಿಯೂ ಉಂಟು. ಜನರು ದಿನವೂ ವ್ಯವಹರಿಸುತ್ತಿದ್ದುದು ಸಂವತ್ಸರದ ಹೆಸರಿನಿಂದ. ಸಂಕಲ್ಪದಲ್ಲಿ ಹೇಳುತ್ತಿದ್ದುದೂ ಪತ್ರಗಳಲ್ಲಿ ಬರೆಯುತ್ತಿದ್ದುದೂ ಅದನ್ನೇ. ನಡೆಯುತ್ತಿರುವ ಸಂವತ್ಸರವು ಯಾವುದೆಂಬುದನ್ನು ಲಿಪಿಕಾರನು ಮರೆಯುವುದು ಅಸಂಭವಪ್ರಾಯ; ನಾಲ್ಕು ಅಂಕಗಳ ಶಕಸಂಖ್ಯೆಯನ್ನು ತಪ್ಪುವುದು ಸುಲಭ. ಈ ತಪ್ಪಿನ ಮೂಲವನ್ನೂ ಊಹಿಸಬಹುದಾಗಿದೆ. ಪಂಚಾಂಗದಲ್ಲಿ ಶುಕ್ಲ ಸಂವತ್ಸರಕ್ಕೆ ಕೊಡುವ ೧೪೩೧ ಎಂಬ ಸಂಖ್ಯೆಯು ಕಳೆದ ವರ್ಷಗಳ ಎಣಿಕೆ. ಅದನ್ನು ನಡೆಯುತ್ತಿರುವ ವರ್ಷದ ಸಂಖ್ಯೆಯೆಂದು ಭಾವಿಸಿದ ಲಿಪಿಕಾರನು, ಹಾಗಾದರೆ ಸಂದದ್ದು ೧೪೩೦ ಎಂದು ಒಂದನ್ನು ಕಳೆದು ಬರೆದಿರಬೇಕು. ಗತವರ್ಷ ವರ್ತಮಾನವರ್ಷಗಳ ಈ ಗೊಂದಲವು ನಮ್ಮ ಶಾಸನಗಳಲ್ಲಿ ವಿರಳವಲ್ಲ.

ಇದರಿಂದ ತಿಳಿಯತಕ್ಕದ್ದೇನೆಂದರೆ: ಅಂಗಗಳು ಒಡಂಬಡದಿದ್ದಾಗ ಶಾಸನವೇ ಸುಳ್ಳೆಂದು ಹೇಳಕೂಡದು, ಯಾವ ಅಂಗವು ತಪ್ಪಿದೆಯೆಂಬುದನ್ನು ಬಲಾಬಲದಿಂದ ವಿಚಾರಿಸಬೇಕು. ಯಂತ್ರವು ‘ಹೊಂದಲಿಲ್ಲ’ ಎಂದಷ್ಟೇ ಹೇಳಬಲ್ಲದು. ಯಾವುದು ಯಾವುದರೊಡನೆ ಹೊಂದಲಿಲ್ಲವೆಂಬುದನ್ನೂ ಅದು ಹೇಳುವಂತೆ ಲಕ್ಷಣವನ್ನು ಬರೆದಿದ್ದರೆ ಮಾತ್ರ ಪರೀಕ್ಷಕನಿಗೆ ಪ್ರಯೋಜನವಾಗುತ್ತದೆ.

೫

ನೈಯಾಯಿಕರು ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಹೇಳಿದ್ದಾರೆ. ಲಕ್ಷ್ಯದ ಒಂದು ಭಾಗವನ್ನು ಲಕ್ಷಣವು ಬಿಟ್ಟುಬಿಟ್ಟರೆ ಅವ್ಯಾಪ್ತಿ. ಹಸುವೆಂದರೆ ಕಪಿಲವರ್ಣವುಳ್ಳದ್ದು ಎಂದರೆ ಬಿಳಿಯ ಹಸುವು ಹೊರಗಾಗುತ್ತದೆ. ಲಕ್ಷ್ಯವಲ್ಲದುದನ್ನೂ ಒಳಗೊಂಡರೆ ಅತಿವ್ಯಾಪ್ತಿ; ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಬರುತ್ತದೆ. ಯಾವ ಲಕ್ಷ್ಯಕ್ಕೂ ಸಲ್ಲದಿದ್ದರೆ ಅಸಂಭವ. ಹಸುವಿಗೆ ಒಂಟಿಗೊರಸನ್ನು ಹೇಳಿದಂತೆ. ಈ ಪರಿಭಾಷೆಯು ನಮ್ಮ ವಿಷಯಕ್ಕೆ ಬಹಳ ಚೆನ್ನಾಗಿ ಒದಗುತ್ತದೆ.

ಅವ್ಯಾಪ್ತಿಗೆ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ತಾಮ್ರಶಾಸನವೊಂದು ನಿದರ್ಶನ. ಕನ್ನಡಭಾಷೆಯಲ್ಲಿರುವ ಈ ಶಾಸನವನ್ನು ಪ್ರಕಟಿಸಿದವನು ಫ್ಲೀಟ್. ಇದರ ಕಾಲವು ಶಕವರ್ಷ ೭೨೬, ಸುಭಾನು ಸಂವತ್ಸರ, ವೈಶಾಖ ಬಹುಳ ಪಂಚಮಿ, ಬೃಹಸ್ಪತಿವಾರ. ನಮ್ಮ ನಿಯಮವನ್ನು ಹಾಕಿದರೆ ೭೨೬ಕ್ಕೆ ೧೨ ಸೇರಿ ೭೩೮, ಶೇಷವು ೧೮, ಅದು ತಾರಣ. ಶಾಸನವು ಹೇಳುವ ಸುಭಾನುವು ಅದಕ್ಕೆ ಹಿಂದಿನ ಹದಿನೇಳನೆಯದು. ಇದೊಂದು ವಿಸಂವಾದ. ವೈಶಾಖ ಬಹುಳ ಪಂಚಮಿಯನ್ನು ನಮ್ಮ ಅಮಾಂತಗಣನೆಯಂತೆ ತೆಗೆದುಕೊಂಡರೆ ವಾರವೂ ಹೊಂದುವುದಿಲ್ಲ. ಇದು ಎರಡನೆಯ ವಿಸಂವಾದ. ಹೀಗಿರಲಾಗಿ ಇಂದಿನ ಪಂಚಾಂಗದ ನಿಯಮಗಳನ್ನೇ ಲಕ್ಷಣವೆಂದು ಹಿಡಿದ ಪರೀಕ್ಷಕನು ಈ ಶಾಸನವನ್ನು ತಿರಸ್ಕರಿಸುವುದು ನಿಶ್ಚಯ.

ಆದರೆ ಶಾಸನವು ಸತ್ಯವಾದುದು. ನಿಯಮವೇ ಆ ಕಾಲಕ್ಕೆ ಸಲ್ಲದುದು. ಸಂವತ್ಸರಚಕ್ರವು ಮೂಲದಲ್ಲಿ ಬೃಹಸ್ಪತಿಯ ಗತಿಯನ್ನು ಅನುಸರಿಸಿದುದು. ಬೃಹಸ್ಪತಿಯು ಮಧ್ಯಮಗತಿಯಿಂದ ಒಂದು ರಾಶಿಯನ್ನು ದಾಟುವ ಕಾಲವು ಸೌರವರ್ಷಕ್ಕಿಂತ ಸ್ವಲ್ಪ ಕಡಿಮೆ. ಆದುದರಿಂದ ಸುಮಾರು ೮೫ ವರ್ಷಗಳಿಗೊಮ್ಮೆ ಒಂದು ಸಂವತ್ಸರವು ಕ್ಷಯವಾಗಬೇಕು. ಉತ್ತರದೇಶದಲ್ಲಿ ಈ ಕ್ಷಯವನ್ನು ಬಿಡದೆ ಮಾಡುತ್ತ ಬಂದರು, ದಕ್ಷಿಣದಲ್ಲಿ ಕ್ರಿ.ಶ. ಹತ್ತನೆಯ ಶತಮಾನದ ಆರಂಭದಿಂದೀಚೆಗೆ ಅದು ನಿಂತುಹೋಗಿ, ವರ್ಷಕ್ಕೊಂದು ಸಂವತ್ಸರವೆಂಬ ಸರಳಕ್ರಮವು ನೆಲೆಗೊಂಡಿತು. ಕ್ರಿ.ಶ. ೮೦೪ರಲ್ಲಿ ಹಳೆಯ ಕ್ರಮವೇ ನಡೆಯುತ್ತಿದ್ದುದರಿಂದ ಸುಭಾನುವೇ ಸರಿ. ಮಾಸವೂ ಅಂದು ಪೂರ್ಣಿಮಾಂತವಾಗಿ ಗಣಿತವಾಗಿದೆ, ಹಾಗೆ ತೆಗೆದುಕೊಂಡರೆ ಆ ತಿಥಿಯು ೮೦೪ನೆಯ ಏಪ್ರಿಲ್ ೪ಕ್ಕೆ ಬರುತ್ತದೆ, ಅದು ಬೃಹಸ್ಪತಿವಾರವೇ. ದಕ್ಷಿಣದೇಶದಲ್ಲಿ ಪೂರ್ಣಿಮಾಂತಗಣನೆಯು ಆಗ ಬಳಕೆಯಲ್ಲಿತ್ತೆಂಬ ಅಮೂಲ್ಯವಾದ ಸಂಗತಿಯು ನಮಗೆ ತಿಳಿದದ್ದೇ ಇಂತಹ ‘ಹೊಂದದ’ ಶಾಸನಗಳಿಂದ.

ಇನ್ನೊಂದು ಉದಾಹರಣೆಯು ಬಾದಾಮಿಯ ಬಳಿಯ ಮಹಾಕೂಟದ ಸ್ತಂಭಶಾಸನ. ಇದರಲ್ಲಿ ಶಕವರ್ಷವಿಲ್ಲ, ಚಲುಕ್ಯ ಮಂಗಲೇಶನ ಆಳ್ವಿಕೆಯ ಐದನೆಯ ವರ್ಷ, ಸಿದ್ಧಾರ್ಥ ಸಂವತ್ಸರ, ವೈಶಾಖದ ಹುಣ್ಣಿಮೆ ಎಂದು ಮಾತ್ರ ಇದೆ. ಬೃಹಸ್ಪತಿಯ ಗತಿಯಂತೆ ಇದು ಕ್ರಿ.ಶ. ೬೦೨ ಆಗುತ್ತದೆ, ಮಂಗಲೇಶನು ಪಟ್ಟಕ್ಕೆ ಬಂದದ್ದು ೫೯೭-೯೮ರ ಸುಮಾರಿಗೆ ಎಂದಾಗುತ್ತದೆ. ಇದಕ್ಕೆ ಬದಲಾಗಿ ಇಂದಿನ ನಿಯಮವನ್ನು ಹಿಡಿದರೆ ಸಿದ್ಧಾರ್ಥಿಯು ಶಕ ೫೨೧ಕ್ಕೆ, ಎಂದರೆ ಕ್ರಿ.ಶ. ೫೯೯ಕ್ಕೆ ಬೀಳುತ್ತದೆ, ಪಟ್ಟಾಭಿಷೇಕವು ಮೂರು ವರ್ಷ ಹಿಂದಕ್ಕೆ ಸರಿಯುತ್ತದೆ. ಗಮನಿಸಿರಿ: ೬೦೨ರಲ್ಲಿ ಎರಡು ಗಣನೆಗಳಿಗೆ ಮೂರು ಹೆಸರುಗಳ ಅಂತರ, ೮೦೪ರಲ್ಲಿ ಒಂದು ಹೆಸರಿನ ಅಂತರ, ಹತ್ತನೆಯ ಶತಮಾನದಲ್ಲಿ ಅಂತರವೇ ಇಲ್ಲ. ನಡುವಣ ಕ್ಷಯಗಳ ಸಂಖ್ಯೆಯು ೮೫ ವರ್ಷಗಳಿಗೊಂದು ಎಂಬ ಗಣಿತಕ್ಕೆ ಸರಿಯಾಗಿ ಹೊಂದುತ್ತದೆ. ಇದರಿಂದ ಹಳೆಯ ಕ್ರಮವು ಕೇವಲ ಕಲ್ಪನೆಯಲ್ಲ, ಆಚರಣೆಯಲ್ಲಿದ್ದುದೇ ಸರಿ ಎಂದು ಸಿದ್ಧವಾಗುತ್ತದೆ.

೬

ಅತಿವ್ಯಾಪ್ತಿಗೆ ಗಂಗವಂಶದ ಹರಿವರ್ಮನ ಹೆಸರಿನಲ್ಲಿರುವ ತಂಜಾವೂರಿನ ತಾಮ್ರಶಾಸನವು ನಿದರ್ಶನ. ಇದು ಶಕವರ್ಷ ೧೬೯, ಪ್ರಭವ ಸಂವತ್ಸರ, ಫಾಲ್ಗುಣ ಅಮಾವಾಸ್ಯೆ, ಶುಕ್ರವಾರ ಎಂದು ಕಾಲವನ್ನು ಹೇಳಿ, ನಕ್ಷತ್ರ ಯೋಗ ಲಗ್ನಗಳನ್ನೂ ಕೊಡುತ್ತದೆ. ೧೬೯ಕ್ಕೆ ೧೨ ಸೇರಿದರ ೧೮೧, ಶೇಷವು ೧, ಅದು ಪ್ರಭವವೇ! ನಮ್ಮ ನಿಯಮಕ್ಕೆ ಇದಕ್ಕಿಂತ ಹೆಚ್ಚಾಗಿ ಹೊಂದುವ ಶಾಸನವಿಲ್ಲ. ಆದರೂ ಫ್ಲೀಟ್ ಮೊದಲಾದವರು ಇದನ್ನು ಕೂಟಶಾಸನವೆಂದು ನಿರ್ಣಯಿಸಿದರು.

ಮೇಲಿನ ವಿಚಾರದಿಂದಲೇ ಇದರ ಮರ್ಮವು ಬಯಲಾಗುತ್ತದೆ. ಕ್ರಿ.ಶ. ೨೪೭ರಲ್ಲಿ ಈ ಚಕ್ರವನ್ನು ಬಳಸುತ್ತಿದ್ದರೆಂದೇ ಇಟ್ಟುಕೊಂಡರೂ, ಬೃಹಸ್ಪತಿಯ ಗತಿಯಂತೆ ಬರಬೇಕಾದ ಹೆಸರು ಪ್ರಭವಕ್ಕಿಂತ ಏಳೆಂಟು ಸ್ಥಾನ ಹಿಂದಿನದಾಗಬೇಕಾಗಿತ್ತು. ಪ್ರಭವವೆಂದು ಬರುವುದು ಹತ್ತನೆಯ ಶತಮಾನದಿಂದೀಚಿನ ಸರಳಕ್ರಮದಿಂದ ಹಿಂದಕ್ಕೆ ಎಣಿಸಿದಾಗ ಮಾತ್ರ. ಆದುದರಿಂದ ಈ ಶಾಸನವನ್ನು ಬರೆದವನು ಸರಳಕ್ರಮವನ್ನು ಬಲ್ಲ ಈಚಿನ ಕಾಲದವನೆಂದಾಗುತ್ತದೆ. ಇದಲ್ಲದೆ ಭಾರತದ ಶಾಸನಗಳಲ್ಲಿ ವಾರದ ಉಲ್ಲೇಖಕ್ಕೆ ಹಳೆಯದೆಂದು ಪ್ರಸಿದ್ಧವಾದುದು ಏರಣದ ಬುಧಗುಪ್ತನ ಕಾಲದ ಶಾಸನ, ಅದು ಕ್ರಿ.ಶ. ೪೮೪ರದು. ಅದಕ್ಕೂ ಇನ್ನೂರಕ್ಕೂ ಹೆಚ್ಚು ವರ್ಷಗಳ ಮೊದಲು ಶುಕ್ರವಾರವೂ ಯೋಗವೂ ಲಗ್ನವೂ ತಾಮ್ರಪಟದಲ್ಲಿ ಕಾಣಿಸುವುದು ಸಂಶಯಾಸ್ಪದ. ಕೂಟಕಾರನು ತನ್ನ ಕಾಲದ ಪಂಚಾಂಗದಲ್ಲಿ ನಿಪುಣನಾಗಿದ್ದನು. ಆ ನೈಪುಣ್ಯವೇ ಅವನನ್ನು ಹಿಡಿದುಕೊಟ್ಟಿತು.

ಹೀಗೆ ಎರಡು ಶಾಸನಗಳನ್ನು ಎದುರುಬದಿರಾಗಿ ಇಟ್ಟು ನೋಡಿದರೆ ವಿಚಿತ್ರವಾದ ಸ್ಥಿತಿಯು ಕಾಣುತ್ತದೆ. ಒಂದೇ ನಿಯಮವು ಗೋವಿಂದನ ಸತ್ಯಶಾಸನವನ್ನು ಹೊರಗಟ್ಟಿ, ಹರಿವರ್ಮನ ಹೆಸರಿನ ಕೂಟಶಾಸನವನ್ನು ಒಳಕ್ಕೆ ಕರೆಯುತ್ತದೆ. ನಿಯಮದಲ್ಲಿ ಗಣಿತದ ತಪ್ಪೇನೂ ಇಲ್ಲ. ಅದು ಯಾವ ಕಾಲಕ್ಕೆ ಸಲ್ಲುವುದೆಂಬ ಉಪಾಧಿಯನ್ನು ಬಿಟ್ಟಿರುವುದೇ ತಪ್ಪು.

ಅಸಂಭವಕ್ಕೆ ಸಮೀಪವಾದ ಪ್ರಸಂಗವು ಜನಮೇಜಯನ ಹೆಸರಿನಲ್ಲಿ ಮಲೆನಾಡಿನಲ್ಲಿ ದೊರೆತ ತಾಮ್ರಶಾಸನಗಳದು. ಪರೀಕ್ಷಿತನ ಮಗನಾದ ಜನಮೇಜಯನು ಸರ್ಪಯಾಗಕಾಲದಲ್ಲಿ ಭೂದಾನಮಾಡಿದನೆಂದು ಇವು ಹೇಳುತ್ತವೆ. ಗೌಜ ಅಗ್ರಹಾರದ ಶಾಸನದಲ್ಲಿ ಉಕ್ತವಾದ ಸೂರ್ಯಗ್ರಹಣವನ್ನು ಗ್ರೀನ್‌ವಿಚ್ಚಿನ ರಾಜಜ್ಯೋತಿಷಿಯಾಗಿದ್ದ ಏರಿಯು ಗಣಿತಮಾಡಿ, ಅದು ಕ್ರಿ.ಶ. ೧೫೨೧ನೆಯ ಏಪ್ರಿಲ್ ೭ರ ಗ್ರಹಣವೆಂದು ತಿಳಿಸಿದನು. ಹೇಳಿಕೊಂಡ ಕಾಲವು ಕಲಿಯುಗದ ಆದಿ. ಆಕಾಶವು ಕೊಟ್ಟ ಸಾಕ್ಷ್ಯವು ಕೃಷ್ಣದೇವರಾಯನ ಕಾಲ. ಅಗ್ರಹಾರದ ಹಕ್ಕನ್ನು ದೃಢಪಡಿಸಿಕೊಳ್ಳುವುದಕ್ಕಾಗಿ ಪುರಾಣಪುರುಷನ ಮುದ್ರೆಯನ್ನು ಒತ್ತಿದವರು ಕಣ್ಣಾರೆ ಕಂಡ ಗ್ರಹಣವನ್ನು ಬರೆದುಬಿಟ್ಟಿರಬೇಕು.

೭

ಇನ್ನು ಪರೀಕ್ಷಕನಲ್ಲಿಯೇ ಇರಬಹುದಾದ ದೋಷವೊಂದನ್ನು ಹೇಳಬೇಕಾಗಿದೆ. ಸೀವೆಲ್ಲನೂ ಶಂಕರ ಬಾಲಕೃಷ್ಣ ದೀಕ್ಷಿತರೂ ಸೇರಿ ೧೮೯೬ರಲ್ಲಿ ಭಾರತೀಯ ಪಂಚಾಂಗದ ಕೋಷ್ಠಕಗಳನ್ನು ಪ್ರಕಟಿಸಿದರು. ಮೈಸೂರಿನ ಎ. ವೆಂಕಟಸುಬ್ಬಯ್ಯನವರು ೧೯೧೮ರಲ್ಲಿ ಶಕಕಾಲದ ಶಾಸನಗಳ ತಿಥಿಗಳನ್ನೇ ಕುರಿತು ಗ್ರಂಥವನ್ನು ಬರೆದರು. ಸ್ವಾಮಿಕಣ್ಣು ಪಿಳ್ಳೆಯವರ ಬೃಹತ್ಪಂಚಾಂಗವು ೧೯೨೨ರಲ್ಲಿ ಹೊರಬಂದಿತು. ಈ ಸಾಮಗ್ರಿಯು ಕೈಗೆ ಬಂದ ಮೇಲೆ ಗಣಿತವು ಸುಲಭವಾಯಿತು. ಸುಲಭವಾದುದರಿಂದಲೇ ಒಂದು ಅಪಾಯವೂ ಹುಟ್ಟಿತು.

ವರ್ಷವನ್ನು ಗತವೆಂದು ತೆಗೆದುಕೊಳ್ಳಬಹುದು, ವರ್ತಮಾನವೆಂದೂ ತೆಗೆದುಕೊಳ್ಳಬಹುದು. ಬಹುಳಪಕ್ಷವಾದರೆ ಮಾಸವನ್ನು ಅಮಾಂತವೆನ್ನಬಹುದು, ಪೂರ್ಣಿಮಾಂತವೆನ್ನಬಹುದು. ಅಧಿಕಮಾಸವಿದ್ದರೆ ಅಧಿಕವೆನ್ನಬಹುದು, ನಿಜವೆನ್ನಬಹುದು. ಹೀಗೆ ಎರಡೆರಡರಂತೆ ಎಂಟು ಅರ್ಥಗಳು ಸಾಧ್ಯವಾಗುತ್ತವೆ. ಯಾವುದಾದರೊಂದು ದಿನಕ್ಕೆ ಬೇಕಾದ ವಾರವು ಆಕಸ್ಮಿಕವಾಗಿ ಕೂಡಿಬರುವ ಸಂಭವವು ಏಳರಲ್ಲಿ ಒಂದು. ಎಂಟು ಅರ್ಥಗಳನ್ನು ಪ್ರತ್ಯೇಕವೆಂದು ಭಾವಿಸಿ ಲೆಕ್ಕ ಮಾಡಿದರೆ, ಅವುಗಳಲ್ಲಿ ಒಂದಾದರೂ ಹೊಂದುವ ಸಂಭವವು ನೂರಕ್ಕೆ ಸುಮಾರು ೭೦ ಆಗುತ್ತದೆ. ಎಂದರೆ, ಕಾಲವು ಪೂರ್ಣವಾಗಿ ತಪ್ಪಾಗಿದ್ದರೂ ಸಹನೆಯುಳ್ಳ ಪರೀಕ್ಷಕನು ಅದನ್ನು ಹೆಚ್ಚಾಗಿ ‘ಸಕ್ರಮ’ಗೊಳಿಸಿಬಿಡಬಲ್ಲನು. ಒಪ್ಪಿಸಬೇಕೆಂಬ ಆಸೆಯಿಂದ ಒಪ್ಪಿಸಿದ ಕಾಲಕ್ಕೆ ಪ್ರಾಮಾಣ್ಯವಿಲ್ಲ. ಯಂತ್ರಕ್ಕೆ ಈ ಎಂಟು ಅರ್ಥಗಳನ್ನೂ ಕ್ಷಣಾರ್ಧದಲ್ಲಿ ಪ್ರಯತ್ನಿಸುವ ಶಕ್ತಿಯುಂಟಾದುದರಿಂದ ಈ ಅಪಾಯವು ಈಗ ಇಮ್ಮಡಿಯಾಗಿದೆ. ಆದುದರಿಂದ ಆ ಅರಸನ, ಆ ಸೀಮೆಯ, ಆ ಶತಮಾನದ ಇತರ ಶಾಸನಗಳಿಂದ ರೂಢಿಯನ್ನು ಮೊದಲು ನಿಶ್ಚಯಿಸಿಕೊಂಡು, ಆ ಅರ್ಥವೊಂದರಿಂದಲೇ ಗಣಿತಮಾಡುವುದು ನ್ಯಾಯ. ಬೇರೆ ಅರ್ಥದಿಂದ ಹೊಂದಿದರೆ ಹಾಗೆಂದು ಸ್ಪಷ್ಟವಾಗಿ ಬರೆದಿಡಬೇಕು.

೮

ಈ ವಿಚಾರವು ದೂರದ ಅರಸರಿಗೆ ಮಾತ್ರ ಸಂಬಂಧಿಸಿದುದಲ್ಲ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಹರಿಹರಕ್ಷೇತ್ರವನ್ನೇ ನೋಡಬಹುದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ.ಶ. ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಸನ್ನಿಧಿಯಲ್ಲಿ ಅನೇಕ ಶಾಸನಗಳು ನಿಂತಿವೆ. ಇದೇ ಊರಿನ ಹೆಸರಿನಿಂದ ಪ್ರಸಿದ್ಧವಾದ ಚಲುಕ್ಯ ವಿನಯಾದಿತ್ಯನ ತಾಮ್ರಶಾಸನವು ಶಕವರ್ಷ ೬೧೬, ಆಳ್ವಿಕೆಯ ಹದಿನಾಲ್ಕನೆಯ ವರ್ಷ, ಕಾರ್ತಿಕದ ಹುಣ್ಣಿಮೆ ಎಂದು ಕಾಲವನ್ನು ಹೇಳುತ್ತದೆ. ಕ್ರಿ.ಶ. ೬೯೪ರ ಕಾರ್ತಿಕವು ಹದಿನಾಲ್ಕನೆಯ ವರ್ಷದಲ್ಲಿದ್ದರೆ, ಅವನು ಪಟ್ಟಕ್ಕೆ ಬಂದದ್ದು ೬೮೦ರ ಕಾರ್ತಿಕಕ್ಕೂ ೬೮೧ರ ಕಾರ್ತಿಕಕ್ಕೂ ನಡುವೆ ಎಂದಾಗಬೇಕು. ಅವನ ಇತರ ತಾಮ್ರಶಾಸನಗಳ ಎಣಿಕೆಯು ಇದರೊಡನೆ ಒಂದೆರಡು ವರ್ಷ ಹೆಚ್ಚುಕಡಿಮೆಯಾಗುತ್ತದೆ. ಆದಕಾರಣ ಆಳ್ವಿಕೆಯ ವರ್ಷವೆಂಬ ಅಂಗಕ್ಕೆ ವಾರಕ್ಕಿರುವಷ್ಟು ಬಲವನ್ನು ಕೊಡಲಾಗದು. ಯೌವರಾಜ್ಯದಿಂದ ಎಣಿಸಿದರೋ ಪಟ್ಟಾಭಿಷೇಕದಿಂದ ಎಣಿಸಿದರೋ ಎಂಬ ಸಂಶಯವು ಅಲ್ಲಿ ಯಾವಾಗಲೂ ಉಳಿಯುತ್ತದೆ.

ಹರಿದ್ರಾನದಿಗೆ ಅಣೆಕಟ್ಟು ಕಟ್ಟಿದ ಸಂಗತಿಯನ್ನು ಹೇಳುವ ೧೪೧೦ರ ಶಾಸನವೂ, ಒಡೆದ ಅಣೆಯನ್ನು ಮತ್ತೆ ಕಟ್ಟಿಸಿದ ಸಂಗತಿಯನ್ನು ಹೇಳುವ ೧೪೨೪ರ ಶಾಸನವೂ ಹರಿಹರದವೇ. ಈ ಎರಡು ವರ್ಷಗಳಿಗೆ ನಿಯಮದಂತೆ ಸಲ್ಲುವ ಸಂವತ್ಸರಗಳು ವಿಕೃತಿ ಮತ್ತು ಕ್ರೋಧಿ. ಕ್ರೋಧಿಯನ್ನು ಯಾರಾದರೂ ಕ್ರೋಧನವೆಂದು ತುಂಬಿದರೆ ಅಣೆಯು ಹದಿನಾಲ್ಕು ವರ್ಷಗಳಿಗೆ ಬದಲು ಮೂವತ್ತೈದು ವರ್ಷ ನಿಂತಂತಾಗುತ್ತದೆ. ಅಂದಿನವರ ಕಟ್ಟಡದ ಬಲವನ್ನೂ ನೀರಿನ ಹಂಚಿಕೆಯನ್ನೂ ಕುರಿತ ನಮ್ಮ ತೀರ್ಮಾನವೆಲ್ಲ ಕೆಡುತ್ತದೆ. ಶಕಸಂಖ್ಯೆಯೊಡನೆ ಸಂವತ್ಸರವನ್ನು ಹೋಲಿಸುವ ಒಂದು ಸಾಲಿನ ಪರೀಕ್ಷೆಯು ಇದನ್ನು ತಡೆಯಬಲ್ಲದು.

ಸ್ಥಳದ ಅಂಗಕ್ಕೂ ಕಾಲದ ಉಪಾಧಿಯು ಬೇಕು. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಹರಿಹರದ ಶಾಸನಗಳು ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಿಂದ ಅಚ್ಚಾಗಿವೆ. ಈಗ ಹರಿಹರವೇ ಒಂದು ತಾಲ್ಲೂಕು; ದಾವಣಗೆರೆಯು ೧೯೯೭ರಿಂದ ಜಿಲ್ಲೆ. ಹರಪನಹಳ್ಳಿಯು ಅದೇ ವರ್ಷ ಬಳ್ಳಾರಿಯಿಂದ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇಂದಿನ ತಾಲ್ಲೂಕುಗಳ ಪಟ್ಟಿಯನ್ನೇ ಲಕ್ಷಣವೆಂದು ಹಿಡಿದರೆ ಹಳೆಯ ಸಂಪುಟದ ಉಲ್ಲೇಖಗಳು ‘ತಪ್ಪು’ಗಳಾಗಿ ಕಾಣುವುವು, ಅವನ್ನು ತಿದ್ದಿಬಿಟ್ಟರೆ ಮುಂದಿನ ಸಂಶೋಧಕನಿಗೆ ಮೂಲಸಂಪುಟದಲ್ಲಿ ಶಾಸನವೇ ಸಿಕ್ಕದು.

೯

ಇಷ್ಟರಿಂದ ಸಿದ್ಧವಾಗುವ ನಿಯಮಗಳನ್ನು ಸಂಗ್ರಹಿಸಿ ಹೇಳಬಹುದು. ಮೊದಲನೆಯದಾಗಿ, ಕಲ್ಲಿನಲ್ಲಿ ಇದ್ದುದನ್ನು ಇದ್ದಂತೆಯೇ ಒಂದು ಮನೆಯಲ್ಲಿಯೂ, ಪರೀಕ್ಷಕನು ನಿರ್ಣಯಿಸಿದ ಕಾಲವನ್ನು ಬೇರೊಂದು ಮನೆಯಲ್ಲಿಯೂ ಇಡಬೇಕು; ಎರಡನೆಯದು ಮೊದಲನೆಯದನ್ನು ಎಂದಿಗೂ ಅಳಿಸಕೂಡದು. ಎರಡನೆಯದಾಗಿ, ಶಾಸನದಲ್ಲಿ ವಾರವನ್ನು ಹೇಳದೆ ಇರುವುದಕ್ಕೂ, ಹೇಳಿದ್ದು ಸವೆದುಹೋಗಿರುವುದಕ್ಕೂ ಭೇದವನ್ನು ಕಾಣಿಸಬೇಕು. ಎರಡನ್ನೂ ಬರಿದಾದ ಮನೆಯಾಗಿ ಬಿಟ್ಟರೆ, ಒಂದು ಕಾಲದ ರೂಢಿಯೇ ನಮಗೆ ತಿಳಿಯದೆ ಹೋಗುತ್ತದೆ. ಮೂರನೆಯದಾಗಿ, ಪ್ರತಿಯೊಂದು ನಿಯಮಕ್ಕೂ ಅದು ಸಲ್ಲುವ ದೇಶಕಾಲಗಳನ್ನು ಸೇರಿಸಿ ಬರೆಯಬೇಕು. ನಾಲ್ಕನೆಯದಾಗಿ, ಹೊಂದಿತು ಹೊಂದಲಿಲ್ಲ ಎಂಬ ಎರಡೇ ತೀರ್ಪುಗಳಿಗೆ ಬದಲಾಗಿ, ಸಂವಾದಿ, ವಿಸಂವಾದಿ, ಅನಿಶ್ಚಿತ ಎಂಬ ಮೂರನ್ನು ಇಟ್ಟುಕೊಂಡು, ವಿಸಂವಾದಿಯಾದುದರಲ್ಲಿ ಯಾವ ಅಂಗಗಳು ವಿರೋಧಿಸುವುವೆಂಬುದನ್ನು ಹೆಸರಿಸಬೇಕು. ಐದನೆಯದಾಗಿ, ಸಂವಾದಿಯೆಂಬುದು ಸತ್ಯವೆಂಬುದಕ್ಕೆ ಪರ್ಯಾಯವಲ್ಲ. ಲಿಪಿ, ಭಾಷೆ, ವಂಶಾವಳಿ ಇವುಗಳ ಪರೀಕ್ಷೆಯು ಅನಂತರವೂ ಉಳಿದೇ ಇದೆ.

ಯಂತ್ರದಿಂದ ಆಗುವ ಉಪಕಾರವು ದೊಡ್ಡದು. ಹತ್ತು ಮಂದಿ ಪಂಡಿತರು ಹತ್ತು ವರ್ಷಗಳಲ್ಲಿ ಮಾಡಲಾರದಷ್ಟು ಹೋಲಿಕೆಯನ್ನು ಅದು ಒಂದು ಹಗಲಿನಲ್ಲಿ ಮಾಡುತ್ತದೆ. ಪ್ರಮಾಥಿಗೂ ಪ್ರಮಾದಿಗೂ ಇರುವ ಭೇದವನ್ನು ದಣಿದ ಕಣ್ಣಿನಂತೆ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಅದು ನೋಡುವುದು ನಾವು ಬರೆದುಕೊಟ್ಟ ಲಕ್ಷಣದ ಮೂಲಕವೇ. ಗೋವಿಂದನ ತಾಮ್ರಪಟವನ್ನು ಅಂದಿನ ಪರೀಕ್ಷಕರು ತಳ್ಳಿಹಾಕಿದ್ದರೆ, ರಾಷ್ಟ್ರಕೂಟರ ಕಾಲದ ಕನ್ನಡಿಗರು ತಿಂಗಳನ್ನು ಹೇಗೆ ಎಣಿಸುತ್ತಿದ್ದರೆಂಬುದು ನಮಗೆ ತಿಳಿಯುತ್ತಿರಲಿಲ್ಲ. ಅವರು ಅದನ್ನು ಬದಿಗಿರಿಸಿ, ಲಕ್ಷ್ಯವು ಹೊಂದದಿದ್ದಾಗ ಲಕ್ಷಣವನ್ನು ಮತ್ತೊಮ್ಮೆ ನೋಡಿದರು. ಶಾಸನಗಳ ಕೋಷ್ಠಕವನ್ನು ತುಂಬುವ ಇಂದಿನ ತರುಣರೂ ಹಾಗೆಯೇ ನಡೆದುಕೊಳ್ಳುವರೆಂದು ಆಶಿಸುತ್ತೇವೆ.